ಖುಲಾಸೆಯ ಮರುದಿನ

1994ರ ಜನವರಿಯಲ್ಲಿ ಕಲಬುರಗಿಯ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದೊಯ್ದರು. ಬಾಬರಿ ಮಸೀದಿ ಉರುಳಿ ವರ್ಷ ತುಂಬಿದ ಹೊತ್ತಿಗೆ ರೈಲುಗಳಲ್ಲಿ ಬಾಂಬ್ ಸಿಡಿಸಿದ ಆರೋಪ. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ದಾಖಲಿಸಿದ ತಪ್ಪೊಪ್ಪಿಗೆಯ ಮೇಲೆ ಜೀವಾವಧಿ ಶಿಕ್ಷೆಯಾಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಪ್ಪೊಪ್ಪಿಗೆಯನ್ನು ತಳ್ಳಿಹಾಕಿ ಬಿಡುಗಡೆಗೆ ಆದೇಶಿಸಿತು. ಇಪ್ಪತ್ತರ ಹುಡುಗನಾಗಿ ಒಳಹೋದವರು ಜೈಪುರದ ಜೈಲಿನಿಂದ ಹೊರಬಂದಾಗ ನಲವತ್ತಮೂರು ವರ್ಷವಾಗಿತ್ತು. ತಂದೆ ತೀರಿಕೊಂಡು ಹತ್ತು ವರ್ಷವಾಗಿತ್ತು. ಅದೇ ಪ್ರಕರಣದಲ್ಲಿ ಸಿಲುಕಿದ್ದ ಅಣ್ಣ ಕ್ಯಾನ್ಸರ್ ಹಿಡಿದ ಮೇಲೆ ಹೊರಬಂದಿದ್ದರು.

ಊರಿಗೆ ಬರುವ ದಾರಿಯಲ್ಲಿ ಹೋಟೆಲೊಂದರಲ್ಲಿ ತಂಗಿದಾಗ ಮಂಚದ ಮೇಲೆ ನಿದ್ದೆಯೇ ಹತ್ತಲಿಲ್ಲ ಎಂದು ಆಮೇಲೆ ಅವರೇ ಪತ್ರಿಕೆಗೆ ಹೇಳಿದರು. ಅಷ್ಟೂ ವರ್ಷ ನೆಲದ ಮೇಲೆ ತೆಳು ಕಂಬಳಿಯಲ್ಲಿ ಮಲಗಿದ ಮೈ ಅದು. ಬಂಧನವಾದಾಗ ಹನ್ನೆರಡು ವರ್ಷದವಳಾಗಿದ್ದ ತಂಗಿಗೆ ಈಗ ಹನ್ನೆರಡು ವರ್ಷದ ಮಗಳಿದ್ದಳು.

ನ್ಯಾಯಾಲಯ ಖುಲಾಸೆ ಮಾಡಿದ್ದನ್ನು ನಾವು ಪತ್ರಿಕೆಯಲ್ಲಿ ಓದಿ, 'ಸದ್ಯ, ನ್ಯಾಯ ಸಿಕ್ಕಿತಲ್ಲ' ಎಂದು ಪುಟ ತಿರುಗಿಸುತ್ತೇವೆ. ಈ ಅಧ್ಯಾಯ ಶುರುವಾಗುವುದು ಅಲ್ಲಿಂದ. ಕೋರ್ಟಿನ ಆದೇಶ ಜೈಲು ತಲುಪುತ್ತದೆ, ಒಳಗೆ ಬರುವಾಗ ಒಪ್ಪಿಸಿದ್ದ ವಸ್ತುಗಳನ್ನು ಸಹಿ ಹಾಕಿಸಿಕೊಂಡು ಕೊಡುತ್ತಾರೆ, ಗೇಟು ತೆರೆಯುತ್ತದೆ. ಸರ್ಕಾರದ ಪಾಲಿಗೆ ಕೆಲಸ ಮುಗಿಯಿತು. ಶಿಕ್ಷೆ ಮುಗಿಸಿ ಬರುವವನಿಗೆ ತನ್ನ ಬಿಡುಗಡೆಯ ದಿನ ಮೊದಲೇ ಗೊತ್ತಿರುತ್ತದೆ. ಅಮೆರಿಕ, ಬ್ರಿಟನ್‌ಗಳಲ್ಲಾದರೆ ಅವನನ್ನು ನೋಡಿಕೊಳ್ಳಲು ಪೆರೋಲ್ ಅಥವಾ ಪ್ರೊಬೇಷನ್ ಅಧಿಕಾರಿಯೂ ಇರುತ್ತಾನೆ. ನಿರಪರಾಧಿಗೆ ಅದೂ ಇಲ್ಲ. ನಿನ್ನೆ ಕೈದಿ, ಇವತ್ತು ಬೀದಿಯಲ್ಲಿ. ತಪ್ಪು ಮಾಡಿದವನಿಗೆ ಸಿಗುವಷ್ಟು ಆಸರೆಯೂ ತಪ್ಪೇ ಮಾಡದವನಿಗೆ ಸಿಗುವುದಿಲ್ಲ ಎಂಬುದು ಈ ವಿಷಯದ ಅತ್ಯಂತ ನಾಚಿಕೆಗೇಡಿನ ಭಾಗ.

ಮೊದಲ ತೊಡಕು ಕಾಗದಪತ್ರದ್ದು. 1994ರಲ್ಲಿ ಒಳಹೋದವರು ಆಧಾರ್ ಕಂಡವರಲ್ಲ, ಮೊಬೈಲ್ ಹಿಡಿದವರಲ್ಲ. ಗುರುತಿನ ಚೀಟಿ ಇಲ್ಲದೆ ಬ್ಯಾಂಕ್ ಖಾತೆ ಆಗುವುದಿಲ್ಲ, ಸಿಮ್ ಸಿಗುವುದಿಲ್ಲ, ಬಾಡಿಗೆ ಮನೆಗೆ ಕರಾರುಪತ್ರವಿಲ್ಲ. ಕೆಲಸ ಕೇಳಹೋದರೆ ನಡುವಿನ ಇಪ್ಪತ್ತು ವರ್ಷ ಎಲ್ಲಿದ್ದಿರಿ ಎಂಬ ಪ್ರಶ್ನೆ. ಸುಳ್ಳು ಹೇಳುವಂತಿಲ್ಲ, ನಿಜ ಹೇಳಿದರೆ ಕೆಲಸವಿಲ್ಲ.

ಮೈಮನಸ್ಸಿನದು ಇನ್ನೂ ದೊಡ್ಡ ಕಥೆ. ಅಮೆರಿಕದ ಅಲಬಾಮ ರಾಜ್ಯದಲ್ಲಿ ಆಂಥನಿ ರೇ ಹಿಂಟನ್ ಮಾಡದ ಕೊಲೆಗಳಿಗಾಗಿ ಹತ್ತಿರ ಹತ್ತಿರ ಮೂವತ್ತು ವರ್ಷ ಮರಣದಂಡನೆಗೆ ಕಾಯುವ ಕೋಣೆಯಲ್ಲಿ ಕಳೆದು 2015ರ ಏಪ್ರಿಲ್‌ನಲ್ಲಿ ಹೊರಬಂದರು. ಕರೆದೊಯ್ಯಲು ಬಂದ ಬಾಲ್ಯದ ಗೆಳೆಯನ ಕಾರಿನಲ್ಲಿ ಹೆಂಗಸೊಬ್ಬಳ ದನಿ ಬಲಕ್ಕೆ ತಿರುಗಿ ಎಂದಾಗ, ಈಕೆ ಎಲ್ಲಿ ಅಡಗಿದ್ದಾಳೆ ಎಂದು ಗಾಬರಿಯಾದರಂತೆ. ಅದು ದಾರಿ ತೋರುವ ಜಿಪಿಎಸ್. ಆಮೇಲೆ ದೊಡ್ಡ ಮಂಚ ಕೊಂಡರೂ ಜೈಲಿನ ಕಿರಿದಾದ ಮಂಚದಲ್ಲಿ ಮಲಗುತ್ತಿದ್ದಂತೆಯೇ ಮುದುಡಿ ಮಲಗುತ್ತಾರೆ. ಮೊದಲನೆಯದನ್ನು ಕೇಳಿ ನಗಬಹುದು, ಎರಡನೆಯದಕ್ಕೆ ಆಗುವುದಿಲ್ಲ.

ಜಪಾನಿನ ಮಾಜಿ ಬಾಕ್ಸರ್ ಇವಾವೊ ಹಕಮಾಡ ಕೊಲೆ ಆರೋಪದಲ್ಲಿ 1966ರಲ್ಲಿ ಬಂಧಿತರಾಗಿ ಗಲ್ಲುಶಿಕ್ಷೆಗೊಳಗಾದವರು. 2014ರಲ್ಲಿ ಹೊರಬಂದರು, 2024ರ ಸೆಪ್ಟೆಂಬರಿನಲ್ಲಿ ನಿರ್ದೋಷಿ ಎನಿಸಿಕೊಂಡರು. ಇವತ್ತೋ ನಾಳೆಯೋ ನೇಣು ಎಂಬ ಕಾಯುವಿಕೆಯಲ್ಲೇ ದಶಕಗಳು ಕಳೆದು ಅವರ ಮನಸ್ಸು ಕದಡಿಹೋಗಿತ್ತು. ಮನೆಗೆ ಬಂದ ಮೇಲೂ ಕೋಣೆಯಿಂದ ಕೋಣೆಗೆ ಗಂಟೆಗಟ್ಟಲೆ ನಡೆಯುತ್ತಿದ್ದರು. ಅವರನ್ನು ನೋಡಿಕೊಂಡದ್ದು ತೊಂಬತ್ತು ದಾಟಿದ ಅಕ್ಕ ಹಿದೆಕೊ. ತಮ್ಮನ ಪರ ಅರ್ಧ ಶತಮಾನ ಹೋರಾಡಿದವರೂ ಅವರೇ. ಎಲ್ಲ ದೇಶಗಳಲ್ಲೂ ಹೀಗೆಯೇ: ಸರ್ಕಾರ ಮಾಡಿದ ತಪ್ಪಿನ ಚಾಕರಿ ಅಮ್ಮ, ಅಕ್ಕ, ಹೆಂಡತಿಯ ತಲೆಗೆ. ಅಂಥವರೂ ಇಲ್ಲದವರ ಗತಿಯೇನು?

ನಮ್ಮಲ್ಲಿ ಇನ್ನೊಂದು ಕಾಟ ಸೇರಿಕೊಳ್ಳುತ್ತದೆ. ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ 'ಇವನು ನಿರಪರಾಧಿ' ಎಂದು ಸಾರುವುದಿಲ್ಲ. ಆರೋಪ ಸಾಬೀತಾಗಿಲ್ಲ, ಸಂಶಯದ ಲಾಭ ಕೊಟ್ಟಿದ್ದೇವೆ ಎನ್ನುತ್ತವೆ. ಕಾನೂನಿನ ಕಣ್ಣಿಗೆ ಅಷ್ಟು ಸಾಕು. ಓಣಿಯ ಕಟ್ಟೆಗೆ ಸಾಲದು. 'ಸಾಕ್ಷಿ ಸಿಗಲಿಲ್ಲ, ಬಿಟ್ಟರು' ಎಂಬ ಮಾತು ತಂಗಿಯ ಮದುವೆ ಮಾತುಕತೆಯವರೆಗೂ ಬೆನ್ನು ಬಿಡುವುದಿಲ್ಲ. ಬಂಧನದ ದಿನ ಫೋಟೊ ಹಾಕಿ ಬರೆದ ಪತ್ರಿಕೆಗಳು ಖುಲಾಸೆಯ ಸುದ್ದಿಯನ್ನು ಒಳಪುಟದ ಮೂಲೆಗೆ ತಳ್ಳುತ್ತವೆ. ಇದನ್ನು ಪತ್ರಿಕೆಯವರೂ ಅಲ್ಲಗಳೆಯಲಾರರು.

ಇನ್ನು ಹಣ. ಟೆಕ್ಸಸ್ ರಾಜ್ಯದಲ್ಲಿ ಅತ್ಯಾಚಾರದ ಸುಳ್ಳು ಆರೋಪದಲ್ಲಿ ಶಿಕ್ಷೆಯಾದ ಟಿಮ್ ಕೋಲ್ 1999ರಲ್ಲಿ ಜೈಲಿನಲ್ಲೇ ಉಬ್ಬಸದಿಂದ ಸತ್ತರು. ತಪ್ಪಿತಸ್ಥ ಅವರಲ್ಲವೆಂದು ಡಿಎನ್‌ಎ ಪರೀಕ್ಷೆ ತೋರಿಸಿಕೊಟ್ಟದ್ದು ಆಮೇಲೆ. 2009ರಲ್ಲಿ ಅವರ ಹೆಸರಿನಲ್ಲೇ ಆದ ಕಾಯ್ದೆ ಜೈಲಿನಲ್ಲಿ ಕಳೆದ ಪ್ರತಿ ವರ್ಷಕ್ಕೆ 80,000 ಡಾಲರ್ ಕೊಡುತ್ತದೆ. ಅದರ ಜೊತೆಗೆ ಜೀವನಪರ್ಯಂತ ವರ್ಷಾಶನ, ಕಾಲೇಜು ಶುಲ್ಕ, ಆರೋಗ್ಯ ವಿಮೆ. ಒಂದೇ ಗಂಟು ಕೈಗಿಟ್ಟು ಕಳಿಸುವುದಕ್ಕಿಂತ ಈ ಜೋಡಣೆ ಎಷ್ಟೋ ಮೇಲು. ಹಕಮಾಡ ಅವರಿಗೆ ದಿನಕ್ಕೆ 12,500 ಯೆನ್‌ನಂತೆ ಲೆಕ್ಕ ಹಾಕಿ 21 ಕೋಟಿ ಯೆನ್‌ಗೂ ಮಿಕ್ಕಿ ಕೊಟ್ಟರು. ಆಗ ಅವರಿಗೆ 89 ವರ್ಷ.

ಬ್ರಿಟನ್‌ನದು ವಿಚಿತ್ರ ಲೆಕ್ಕ. ಜೈಲಿನಲ್ಲಿದ್ದಾಗ ಊಟ, ವಸತಿಯ ಖರ್ಚು ಉಳಿಯಿತಲ್ಲ, ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳಲು ಅಲ್ಲಿನ ನಿಯಮ ಅವಕಾಶ ಕೊಟ್ಟಿತ್ತು! 17 ವರ್ಷ ಜೈಲಿನಲ್ಲಿ ಕಳೆದ ಆಂಡ್ರ್ಯೂ ಮಾಲ್ಕಿನ್ಸನ್ 2023ರಲ್ಲಿ ದೋಷಮುಕ್ತರಾದಾಗ ಎದ್ದ ಕೂಗಿಗೆ ಮಣಿದು ಅದನ್ನು ಕೈಬಿಟ್ಟರು. ಆದರೂ ಅವರಿಗೆ ಮಧ್ಯಂತರ ಪರಿಹಾರ ಸಿಗಲು 2025 ಬರಬೇಕಾಯಿತು.

ಭಾರತದಲ್ಲಿ ಇಂಥ ಕಾಯ್ದೆಯೇ ಇಲ್ಲ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಮು ಕಾರಣವಿಲ್ಲದೆ ಬಂಧಿತರಾದವರಿಗೆ ಪರಿಹಾರ ಎನ್ನುತ್ತದಾದರೂ ಅದರ ಮಿತಿ 1,000 ರೂಪಾಯಿ. ಅದನ್ನೂ ಕೊಡಬೇಕಾದವನು ಬಂಧನಕ್ಕೆ ಕಾರಣನಾದ ವ್ಯಕ್ತಿ, ಸರ್ಕಾರವಲ್ಲ. ಉಳಿದ ದಾರಿ ರಿಟ್ ಅರ್ಜಿ. ಬಿಹಾರದ ರುದುಲ್ ಸಾಹ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿ ಕೊಳೆತಿದ್ದಕ್ಕೆ 1983ರಲ್ಲಿ ಸುಪ್ರೀಂ ಕೋರ್ಟ್ 30,000 ರೂಪಾಯಿ ಕೊಡಿಸಿ ಆ ದಾರಿ ತೆರೆಯಿತು. ಆದರೆ ಅದು ಹಕ್ಕಲ್ಲ, ಅದೃಷ್ಟ. ಮಹಾರಾಷ್ಟ್ರದಲ್ಲಿ ಗಲ್ಲುಶಿಕ್ಷೆಗೊಳಗಾಗಿದ್ದ ಅಲೆಮಾರಿ ಸಮುದಾಯದ ಆರು ಮಂದಿಯನ್ನು 2019ರಲ್ಲಿ ಖುಲಾಸೆ ಮಾಡಿದಾಗ ಸುಪ್ರೀಂ ಕೋರ್ಟ್ ತಾನಾಗಿ ತಲಾ 5 ಲಕ್ಷ ಕೊಡಿಸಿತು. ಗುಜರಾತಿನ ಅಕ್ಷರಧಾಮ ದೇವಾಲಯದ ಮೇಲಿನ ದಾಳಿಯ ಪ್ರಕರಣದಲ್ಲಿ 2014ರಲ್ಲಿ ಖುಲಾಸೆಯಾದವರು ಪರಿಹಾರ ಕೇಳಿದಾಗ ಅದೇ ಕೋರ್ಟ್ ಒಪ್ಪಲಿಲ್ಲ. ಕೊಡಗಿನ ಬುಡಕಟ್ಟಿನ ಕೂಲಿಕಾರರೊಬ್ಬರು ಹೆಂಡತಿಯನ್ನು ಕೊಂದ ಆರೋಪದಲ್ಲಿ ವಿಚಾರಣಾಧೀನರಾಗಿ ಜೈಲು ಕಂಡರು. ಆಕೆಯದೆಂದು ಪೊಲೀಸರು ಹೇಳಿದ ಅಸ್ಥಿಪಂಜರದ ಡಿಎನ್‌ಎ ಹೊಂದಲಿಲ್ಲ, 2025ರ ಏಪ್ರಿಲ್‌ನಲ್ಲಿ ಆ ಹೆಂಡತಿಯೇ ಮಡಿಕೇರಿಯಲ್ಲಿ ಜೀವಂತ ಕಾಣಿಸಿಕೊಂಡರು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಕೊಡಿಸಿದ ಪರಿಹಾರ 1 ಲಕ್ಷ.

ದೆಹಲಿ ಹೈಕೋರ್ಟ್ ಕೇಳಿಕೊಂಡ ಮೇಲೆ ಕೇಂದ್ರ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ 277ನೇ ವರದಿ ಕೊಟ್ಟಿತು. ತಪ್ಪು ಮೊಕದ್ದಮೆಗೆ ಬಲಿಯಾದವರ ಅರ್ಜಿ ವಿಚಾರಣೆಗೆ ವಿಶೇಷ ನ್ಯಾಯಾಲಯ, ಬೇಗ ಇತ್ಯರ್ಥ, ಹಣದ ಜೊತೆಗೆ ಆಪ್ತಸಮಾಲೋಚನೆ, ಮಾನಸಿಕ ಚಿಕಿತ್ಸೆ, ಕಸುಬಿನ ತರಬೇತಿ ಬೇಕೆಂದಿತು. ಶಿಕ್ಷೆಯಾದವರಿಗೆ ಮಾತ್ರವಲ್ಲ, ವಿಚಾರಣಾಧೀನರಾಗಿ ನವೆದವರಿಗೂ ಇದು ಸಲ್ಲಬೇಕೆಂದದ್ದು ಅದರ ದೊಡ್ಡತನ. ವರದಿ ಕಾಯ್ದೆಯಾಗಲಿಲ್ಲ. 2025ರಲ್ಲಿ ಗಲ್ಲಿನಿಂದ ಪಾರಾದ ಇನ್ನೊಬ್ಬರ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್ ಪರಿಹಾರದ ಪ್ರಶ್ನೆಯನ್ನು ಶಾಸಕಾಂಗಕ್ಕೇ ಬಿಟ್ಟಿತು.

ಕಾಯ್ದೆ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಬ್ರಿಟನ್‌ನಲ್ಲಿ ಬಾಂಬ್ ಸ್ಫೋಟದ ಆರೋಪದ ಮೇಲೆ 16 ವರ್ಷ ಅನ್ಯಾಯವಾಗಿ ಜೈಲಿನಲ್ಲಿದ್ದ, 'ಬರ್ಮಿಂಗ್ಹ್ಯಾಮ್ ಸಿಕ್ಸ್' ಎಂದು ಹೆಸರಾದ ಆರು ಮಂದಿಯಲ್ಲಿ ಒಬ್ಬರಾದ ಪ್ಯಾಡಿ ಹಿಲ್ ಹೊರಬಂದ ಮೇಲೆ, ತನ್ನಂಥವರಿಗಾಗಿಯೇ 2001ರಲ್ಲಿ ಸಂಸ್ಥೆ ಕಟ್ಟಿದರು. ಮನೆ ಹುಡುಕಿಕೊಡುವುದು, ವೈದ್ಯರಲ್ಲಿಗೆ ಕರೆದೊಯ್ಯುವುದು, ಮಾತಿಗೆ ಸಿಗುವುದು ಅದರ ಕೆಲಸ. ಜೈಲು ಕಂಡವರ ಮುಂದೆ ವಿವರಣೆ ಕೊಡಬೇಕಿಲ್ಲವಲ್ಲ, ಅದೇ ಅರ್ಧ ಔಷಧಿ. ನಮ್ಮಲ್ಲೂ ಉಗ್ರವಾದದ ಪ್ರಕರಣಗಳಲ್ಲಿ 14 ವರ್ಷ ಜೈಲಿನಲ್ಲಿದ್ದು ಬಹುತೇಕ ಎಲ್ಲದರಲ್ಲೂ ಖುಲಾಸೆಯಾದ ದೆಹಲಿಯ ಮೊಹಮ್ಮದ್ ಆಮಿರ್ ಖಾನ್ ತಮ್ಮ ಕಥೆ ಬರೆದರು, ಸಾಮಾಜಿಕ ಕೆಲಸಕ್ಕಿಳಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಾತಿನ ಮೇಲೆ ಅವರಿಗೆ 5 ಲಕ್ಷ ಪರಿಹಾರವೂ ದಕ್ಕಿತು.

ನಿಮ್ಮ ಊರಿಗೆ ಅಂಥವರೊಬ್ಬರು ಮರಳಿದರೆ ಮೊದಲು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆಗೆ ಜೊತೆಯಲ್ಲಿ ಓಡಾಡಿ. ತೀರ್ಪಿನ ದೃಢೀಕೃತ ಪ್ರತಿಯನ್ನು ತೆಗೆಸಿ ಜೋಪಾನ ಮಾಡಿಸಿ. ಕೆಲಸಕ್ಕೂ ಪರಿಹಾರದ ಅರ್ಜಿಗೂ ಅದು ಬೇಕು. ನಿದ್ದೆ ಬಾರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಒಳಗೆ ಏನಾಯಿತೆಂದು ಕೆದಕಬೇಡಿ. ಬಡವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಅದರ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಸಹಾಯವಾಣಿ ಸಂಖ್ಯೆ 15100.