ಹುಯಿಲು ಕೇಳಿಸಿಕೊಂಡ ಕಲ್ಲುಗಳು

ಸೊರಬ, ಶಿಕಾರಿಪುರದ ಕಡೆ ಕೆರೆಯೇರಿಯ ಮೇಲೋ ಗುಡಿಯ ಹಿಂದೋ ನಿಂತ ವೀರಗಲ್ಲುಗಳನ್ನು ಓದುವವರಿಗೆ ಎರಡು ಮಾತು ಮತ್ತೆ ಮತ್ತೆ ಎದುರಾಗುತ್ತವೆ: ತುಱುಗೋಳ್, ಪೆಣ್ಬುಯ್ಯಲ್. ಮೊದಲನೆಯದು ದನ ಹೊಡೆದುಕೊಂಡು ಹೋಗುವುದು. ಎರಡನೆಯದು ಹೆಣ್ಣುಮಕ್ಕಳ ಮೇಲೆ ಕೈಮಾಡಿ ಎಳೆದೊಯ್ಯುವುದು. ಪದವನ್ನು ಬಿಡಿಸಿ ನೋಡಿ. ಪೆಣ್ ಎಂದರೆ ಹೆಣ್ಣು, ಪುಯ್ಯಲ್ ಎಂದರೆ ಮೊರೆ, ಕೂಗು. ಎಳೆದೊಯ್ದವನಿಗೆ ಈ ಪದದಲ್ಲಿ ಜಾಗವೇ ಇಲ್ಲ. ಅವಳ ಕೂಗೇ ಅಪರಾಧದ ಹೆಸರು; ಅದನ್ನು ಕೇಳಿ ಓಡಿಬಂದು ಕಾದಿ ಸತ್ತವನಿಗೆ ಊರು ನಿಲ್ಲಿಸಿದ್ದು ಆ ಕಲ್ಲು. ಇಷ್ಟು ಕರುಳಿರುವ ಹೆಸರನ್ನು ನಾನು ಬೇರೆ ಯಾವ ಅಪರಾಧಕ್ಕೂ ಕಂಡಿಲ್ಲ. ಪಕಾರ ಹಕಾರವಾಗಿ ಪುಯ್ಯಲ್ ಹುಯ್ಯಲಾಯಿತು, ಹುಯಿಲಾಯಿತು. ಇಂದಿಗೂ ನಾವು ಹುಯಿಲೆಬ್ಬಿಸುತ್ತೇವೆ.

ಸಂಸ್ಕೃತದಿಂದ ಬಂದ 'ಅಪಹರಣ'ಕ್ಕೆ ಆ ಕಿವಿಯಿಲ್ಲ. ಸೀತೆಯನ್ನೂ ಒಡವೆಯನ್ನೂ ಅದು ಒಂದೇ ಕೈಯಲ್ಲಿ ಒಯ್ಯುತ್ತದೆ. ಇಂಗ್ಲಿಷಿನ 'ಕಿಡ್ನ್ಯಾಪ್' 17ನೇ ಶತಮಾನದ ಆಡುಮಾತು: ಕಿಡ್ ಅಂದರೆ ಮಗು, ನ್ಯಾಪ್ ಅಂದರೆ ಕಸಿ. ಅಮೆರಿಕದ ತೋಟಗಳ ದುಡಿಮೆಗೆ ಮಕ್ಕಳನ್ನೂ ದೊಡ್ಡವರನ್ನೂ ಕದ್ದು ಹಡಗು ಹತ್ತಿಸುತ್ತಿದ್ದ ದಂಧೆಯಿಂದ ಹುಟ್ಟಿದ್ದು. 1860ರ ಭಾರತೀಯ ದಂಡಸಂಹಿತೆ ಕಿಡ್ನ್ಯಾಪಿನ ಒಂದು ಬಗೆಯನ್ನು ಪೋಷಕರ ವಶದಿಂದ ಮಗುವನ್ನು ಒಯ್ಯುವ ಅಪರಾಧವೆಂದು ವಿವರಿಸಿತು.

'ಒತ್ತೆಯಾಳು' ಇನ್ನೂ ನೋಯಿಸುವ ಪದ. ಒತ್ತೆ ಎಂದರೆ ಅಡವು. ಸರ ಇಟ್ಟಂತೆ ಮನುಷ್ಯನನ್ನು ಇಡುವುದು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3.3 ಕೋಟಿ ರೂಪಾಯಿ ದಂಡಕ್ಕೆ ಒಪ್ಪಿದ. ಅದು ತೀರುವ ತನಕ ಅವನ ಇಬ್ಬರು ಎಳೆಯ ಮಕ್ಕಳು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಕೈಯಲ್ಲಿ ಒತ್ತೆ. ಅವರು ಮರಳಿದ್ದು 1794ರಲ್ಲಿ.

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಕಾಡಿಗೆ ಒಯ್ದ. 108 ದಿನ 'ಒತ್ತೆಯಾಳು' ಎಂಬ ಪದ ನಮ್ಮ ಮನೆಮನೆಯಲ್ಲಿತ್ತು.

ಹೆಸರಿಲ್ಲದವರ ಮಕ್ಕಳಿಗೆ ಮಾತ್ರ ಇದ್ದದ್ದು 'ಕಾಣೆ' ಎಂಬ ಪದ. ಮಗು ತಾನಾಗಿ ಕರಗಿಹೋದಂತೆ. 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಹಾಕಬೇಕು, ಮೊದಲಿಗೆ ಅದನ್ನು ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಎಣಿಸಬೇಕು ಎಂದಿತು. ಠಾಣೆಯ ಬಾಗಿಲಲ್ಲಿ ನಿಂತ ತಾಯಿಯ ಹುಯಿಲನ್ನು ಈಗ ಬರೆದುಕೊಳ್ಳಲೇಬೇಕು.