ಲ್ಯಾಪ್‌ಟಾಪ್ ಕೈಕೊಟ್ಟರೆ ಮೊದಲು ಏನು ನೋಡಬೇಕು?

ನಾಳೆ ಬೆಳಿಗ್ಗೆ ಶಾಲೆಗೆ ಪ್ರಾಜೆಕ್ಟ್ ಕೊಡಬೇಕು. ಇಂದು ರಾತ್ರಿ ಲ್ಯಾಪ್‌ಟಾಪ್ ತಾನಾಗಿಯೇ ಆರಿಹೋಗುತ್ತಿದೆ. ‘ಹಳೆಯದಾಯ್ತು, ಹೊಸದು ತರೋಣ’ ಎಂದು ಮನೆಯಲ್ಲಿ ತೀರ್ಮಾನವಾಗುವ ಮೊದಲು ಒಂದಿಷ್ಟು ನೋಡಿ.

ರುಸೈಲ್‌ನಲ್ಲಿರುವ ನಾವು ಮೊದಲು ಅನುಮಾನಿಸಬೇಕಾದ್ದು ಸೆಕೆ ಮತ್ತು ಧೂಳನ್ನು. ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ ದಾಟುವುದುಂಟು. ಸಾಮಾನ್ಯ ಲ್ಯಾಪ್‌ಟಾಪ್‌ಗಳು ಸುಮಾರು 35 ಡಿಗ್ರಿವರೆಗಿನ ಕೋಣೆಗೆಂದು ತಯಾರಾದವು. ನಿಲ್ಲಿಸಿದ ಕಾರಿನೊಳಗೆ ಬಿಟ್ಟರಂತೂ ಕೇಳಲೇಬೇಡಿ. ಹಾಸಿಗೆಯ ಮೇಲಿಟ್ಟರೆ ಅಡಿಯ ಗಾಳಿಕಿಂಡಿ ಮುಚ್ಚುತ್ತದೆ. ಒಳಗಿನ ಚಿಪ್ ತೀರಾ ಬಿಸಿಯಾದಾಗ ಯಂತ್ರ ಮೊದಲು ನಿಧಾನವಾಗುತ್ತದೆ, ಆಮೇಲೆ ತನ್ನನ್ನು ಉಳಿಸಿಕೊಳ್ಳಲು ಆರಿಬಿಡುತ್ತದೆ. ಎ.ಸಿ. ಕೋಣೆಯಲ್ಲಿ, ಗಟ್ಟಿ ಮೇಜಿನ ಮೇಲೆ ಅರ್ಧ ಗಂಟೆ ತಣಿಯಲು ಬಿಡಿ. ಆಮೇಲೆ ಚೆನ್ನಾಗಿ ನಡೆದರೆ ಫ್ಯಾನಿನ ಧೂಳು ತೆಗೆಸಿದರೆ ಸಾಕಾಗಬಹುದು.

ತಣ್ಣಗಿದ್ದರೂ ನಿಧಾನವೇ? ಮಕ್ಕಳೇ, ರ‍್ಯಾಮ್ ಎಂದರೆ ಅಡುಗೆಕಟ್ಟೆ, ಡಿಸ್ಕ್ ಎಂದರೆ ಉಗ್ರಾಣ. ಕಟ್ಟೆ ತುಂಬಿಹೋದರೆ ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ‘ಮೆಮೊರಿ’ ಎಷ್ಟು ಶೇಕಡ ಎಂದು ನೋಡಿ. 90 ದಾಟಿದ್ದರೆ ಬ್ರೌಸರ್‌ನಲ್ಲಿ ತೆರೆದಿಟ್ಟ ಇಪ್ಪತ್ತು ಟ್ಯಾಬ್‌ಗಳನ್ನು ಮುಚ್ಚಿ. (ಅಪ್ಪಂದಿರಿಗೂ ಈ ಮಾತು ಅನ್ವಯ!)

ರ‍್ಯಾಮ್ ಸಾಲದಿರುವುದು ಬೇರೆ, ಕೆಟ್ಟಿರುವುದು ಬೇರೆ. ಪದೇ ಪದೇ ನೀಲಿ ಪರದೆ ಬಂದರೆ, ಆನ್ ಮಾಡಿದಾಗ ಬೀಪ್ ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಉಳಿದರೆ, ಅದು ಕೆಟ್ಟಿರಬಹುದು ಅಥವಾ ಸಡಿಲವಾಗಿರಬಹುದು. ಯಂತ್ರ ಆನ್ ಆಗುವಂತಿದ್ದರೆ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಎಂದು ಹುಡುಕಿ ಪರೀಕ್ಷೆ ನಡೆಸಿ. ಯಂತ್ರ ರೀಸ್ಟಾರ್ಟ್ ಆಗುವುದರಿಂದ ಕೆಲಸವನ್ನು ಮೊದಲು ಸೇವ್ ಮಾಡಿ. ಎಷ್ಟೋ ಸಲ ರ‍್ಯಾಮ್ ಪಟ್ಟಿಯನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿದರೆ ಸರಿಹೋಗುತ್ತದೆ. ಆದರೆ ಇದು ದೊಡ್ಡವರ ಕೆಲಸ: ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಸಂಪರ್ಕ ಬಿಡಿಸಿದ ಮೇಲೆ ಮಾತ್ರ. ತೆಳುವಾದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ತೆಗೆಯಲು ಬರುವುದಿಲ್ಲ. ಹೊಸ ಪಟ್ಟಿ ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಡಿಡಿಆರ್4 ಇರುವ ಜಾಗದಲ್ಲಿ ಡಿಡಿಆರ್5 ಕೂರುವುದಿಲ್ಲ.

ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದೆಯೇ? ಬ್ಯಾಟರಿ ಊದಿರಬಹುದು. ಕೂಡಲೇ ಆಫ್ ಮಾಡಿ; ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ.

ಇನ್ನು, ರಿಪೇರಿಗೆ ಕೊಡುವ ಮುನ್ನ ಯಂತ್ರ ಆನ್ ಆಗುತ್ತಿದ್ದರೆ ಮಕ್ಕಳ ಪ್ರಾಜೆಕ್ಟ್, ಊರಿನ ಅಜ್ಜಿ-ತಾತನ ಫೋಟೋಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ರ‍್ಯಾಮ್ ಅಂಗಡಿಯಲ್ಲಿ ಸಿಗುತ್ತದೆ, ಆ ಫೋಟೋಗಳು ಸಿಗುವುದಿಲ್ಲ.