ಹದಿಹರೆಯದ ಆವೇಗ ಮತ್ತು ಅಪಾಯಪ್ರವೃತ್ತಿ: ಒಂದು ವಿವೇಚನೆ

ಬನ್ನೇರುಘಟ್ಟ ರಸ್ತೆಗೆ ಹೊಂದಿಕೊಂಡ ಅರೆಕೆರೆಯು ಕೆರೆಯ ಹೆಸರನ್ನು ಉಳಿಸಿಕೊಂಡೇ ಬೆಂಗಳೂರಿನೊಳಗೆ ಬೆರೆತುಹೋದ ಊರು. ಇಂತಹ ಬಡಾವಣೆಗಳಲ್ಲಿ ಹದಿನಾರರ ಹುಡುಗನ ಕೈಗೆ ಸ್ಕೂಟರಿನ ಕೀಲಿಕೈ ಸಿಗುವುದು ಕಷ್ಟವೇನಲ್ಲ. ಮುಂಗಾಲಿಯನ್ನು ಮೇಲೆತ್ತಿ ಓಡಿಸುವ 'ವ್ಹೀಲಿಂಗ್' ನಗರದ ಸಂಚಾರ ಪೊಲೀಸರಿಗೆ ಚಿರಪರಿಚಿತ ಅಪರಾಧವಾಗಿದೆ. ಇದನ್ನು ಕೇವಲ ಉದ್ಧಟತನವೆಂದು ಬಗೆಯುವುದು ಎಷ್ಟರಮಟ್ಟಿಗೆ ಸರಿ ಎಂಬುದು ಇಲ್ಲಿನ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19ರ ವಯೋಮಾನವನ್ನು ಹದಿಹರೆಯವೆಂದು ಗುರುತಿಸುತ್ತದೆ. ಈ ಅವಧಿಯಲ್ಲಿ ಸುಖ ಮತ್ತು ಪ್ರತಿಫಲಗಳಿಗೆ ಸ್ಪಂದಿಸುವ ಮಿದುಳಿನ ಭಾಗಗಳು ಬೇಗನೆ ಚುರುಕುಗೊಳ್ಳುತ್ತವೆ. ಆವೇಗಕ್ಕೆ ಕಡಿವಾಣ ಹಾಕುವ ಮುಂಮಿದುಳಿನ ಹೊರಪದರವಾದರೋ ಇಪ್ಪತ್ತರ ದಶಕದ ನಡುಭಾಗದವರೆಗೂ ಪಕ್ವಗೊಳ್ಳುತ್ತಲೇ ಇರುತ್ತದೆ. ಈ ಅಂತರವೇ ಸಮಸ್ಯೆಯ ಮೂಲವೆಂದು ಲಾರೆನ್ಸ್ ಸ್ಟೈನ್‌ಬರ್ಗ್ ಮೊದಲಾದ ಮನೋವಿಜ್ಞಾನಿಗಳು ಪ್ರತಿಪಾದಿಸಿದ್ದಾರೆ.

ಅಪಾಯದ ಅರಿವಿಲ್ಲದೆ ಹರೆಯದವರು ಹೀಗೆ ವರ್ತಿಸುತ್ತಾರೆಂಬುದು ಪೂರ್ಣಸತ್ಯವಲ್ಲ. ಶಾಂತ ಸನ್ನಿವೇಶದಲ್ಲಿ ಹದಿನಾರರ ವಯಸ್ಸಿನವರು ಬಹುಮಟ್ಟಿಗೆ ಹಿರಿಯರಂತೆಯೇ ತರ್ಕಿಸಬಲ್ಲರು. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 306 ಜನರನ್ನು ವಾಹನ ಚಾಲನೆಯ ಆಟವೊಂದರ ಮೂಲಕ ಪರೀಕ್ಷಿಸಿದರು. ಗೆಳೆಯರ ಸಮ್ಮುಖದಲ್ಲಿ ಅಪಾಯಕ್ಕೆ ಮುಂದಾಗುವ ಪ್ರವೃತ್ತಿಯು ವಯಸ್ಕರಿಗಿಂತ ಹರೆಯದವರಲ್ಲಿ ಹೆಚ್ಚು ತೀವ್ರವಾಗಿತ್ತು. ಆದ್ದರಿಂದ ಕೊರತೆ ಇರುವುದು ತಿಳಿವಳಿಕೆಯಲ್ಲಿ ಅಲ್ಲ. ಉದ್ವೇಗದ ಗಳಿಗೆಯಲ್ಲಿ ಆ ತಿಳಿವಳಿಕೆಯನ್ನು ಬಳಸಿಕೊಳ್ಳುವ ಸಾಮರ್ಥ್ಯದಲ್ಲಿ.

ಕಾನೂನು ಈ ಹೊಣೆಯನ್ನು ಹಿರಿಯರಿಗೂ ಹಂಚಿದೆ. 1988ರ ಮೋಟಾರು ವಾಹನ ಕಾಯ್ದೆಯು 50 ಘನ ಸೆಂ.ಮೀ. ಮೀರದ ದ್ವಿಚಕ್ರವಾಹನಗಳಿಗೆ ಮಾತ್ರ 16ರ ವಯಸ್ಸನ್ನು ಒಪ್ಪಿ, ಉಳಿದವಕ್ಕೆ 18 ವರ್ಷ ನಿಗದಿಪಡಿಸಿತು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು; ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ.

ಆದರೆ ದಂಡನೆಯೊಂದೇ ಸಾಲದು. ಮುಂದಿನ ಫಲವನ್ನು ಎಣಿಸುವ ಶಕ್ತಿಯೇ ಕುಗ್ಗುವ ಕ್ಷಣದಲ್ಲಿ ಶಿಕ್ಷೆಯ ಭಯವೂ ಕುಗ್ಗುತ್ತದೆ. ಅರೆಕೆರೆಗೆ ಕೆಲವೇ ಮೈಲಿಗಳ ದೂರದಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು ಪ್ರೌಢಶಾಲಾ ಶಿಕ್ಷಕರಿಗಾಗಿ ಜೀವನಕೌಶಲ ಶಿಕ್ಷಣವನ್ನು ರೂಪಿಸಿದೆ. ಗೆಳೆಯರ ಒತ್ತಾಯಕ್ಕೆ ಒಲ್ಲೆನೆನ್ನುವುದು, ಭಾವೋದ್ವೇಗವನ್ನು ಗುರುತಿಸುವುದು ಮುಂತಾದವನ್ನು ಉಪದೇಶದಿಂದಲ್ಲದೆ ಅಭ್ಯಾಸದಿಂದ ಕಲಿಸುವುದು ಇಂತಹ ಶಿಕ್ಷಣದ ವಿಧಾನ.

ಹೊಸತನ್ನು ಅರಸಿ ಹೊರಡುವ ಈ ಪ್ರವೃತ್ತಿಯೇ ಆಟ, ಕಲೆ, ಸಂಶೋಧನೆಗಳ ಪ್ರೇರಣೆಯೂ ಹೌದು. ಅದನ್ನು ಅಡಗಿಸುವುದಕ್ಕಿಂತ ಕ್ರೀಡಾಂಗಣ, ರಂಗಭೂಮಿಗಳತ್ತ ತಿರುಗಿಸುವುದು ಲೇಸು. ಅಂತೆಯೇ ಕೀಲಿಕೈಯನ್ನು ಹದಿನೆಂಟರವರೆಗೆ ಹಿರಿಯರೇ ಇಟ್ಟುಕೊಳ್ಳುವುದು ಅಪನಂಬಿಕೆಯಲ್ಲ. ಇನ್ನೂ ಬಲಿಯದ ವಿವೇಕಕ್ಕೆ ನೀಡುವ ಊರುಗೋಲು.